ಎಂಪಿ, ಎಮ್ಮೆಲ್ಲೆ ಸದನದಲ್ಲಿ ಏನು ಮಾಡಿದರು? ಕೊಡಗಿನಲ್ಲಿ ಕೂತು ನೋಡುವುದು ಹೇಗೆ?

ಪ್ರಶ್ನೆ: ನಾವು ಗೋಣಿಕೊಪ್ಪದ ಹತ್ತಿರ ಇರುವ ಸಣ್ಣ ಕಾಫಿ ಬೆಳೆಗಾರರು. ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಸಂಸದರ ಹಾಜರಾತಿ ಇಷ್ಟು ಪರ್ಸೆಂಟ್, ಕೇಳಿದ ಪ್ರಶ್ನೆ ಇಷ್ಟು ಅಂತ ಅದರಲ್ಲಿತ್ತು. ಅರ್ಧ ಜನ ಹೊಗಳಿದರು, ಅರ್ಧ ಜನ ಬೈದರು. ಹೊರದೇಶದಲ್ಲಿರುವ ಮಗಳು, ‘ಇಲ್ಲಿ ಯಾವ ಮಸೂದೆಗೆ ಯಾರು ಹೇಗೆ ವೋಟು ಹಾಕಿದರು ಅಂತ ಹೆಸರು ಸಮೇತ ಸಿಗುತ್ತೆ’ ಅನ್ನುತ್ತಾಳೆ. ನಮ್ಮಲ್ಲೂ ಸಿಗುತ್ತಾ? ಆನೆ ಕಾಟ, ಕಾಫಿ, ರೈಲು ಇವುಗಳ ಬಗ್ಗೆ ನಮ್ಮವರು ಸದನದಲ್ಲಿ ನಿಜಕ್ಕೂ ಏನು ಮಾಡಿದ್ದಾರೆ ಅಂತ ತಿಳಿಯುವುದು ಹೇಗೆ?

ಉತ್ತರ: ವೋಟಿನ ದಾಖಲೆ ನಮ್ಮಲ್ಲೂ ಸಿಗುತ್ತದೆ. ಆದರೆ ಬಹಳ ಕಡಿಮೆ ಸಿಗುತ್ತದೆ. ಸಿಕ್ಕರೂ ಅದರಿಂದ ನಿಮ್ಮ ಪ್ರತಿನಿಧಿಯ ಬಗ್ಗೆ ತಿಳಿಯುವುದು ತೀರಾ ಸ್ವಲ್ಪ. ಮಗಳು ಹೇಳಿದ್ದನ್ನು ಇಲ್ಲಿ ಹುಡುಕಲು ಹೊರಟರೆ ಸುಮ್ನೆ ಸುಸ್ತಾಗುತ್ತೀರಿ. ಯಾಕೆ ಅಂತ ಮೊದಲು ಹೇಳಿ, ಆಮೇಲೆ ಎಲ್ಲಿ ನೋಡಬೇಕು ಅನ್ನುವುದಕ್ಕೆ ಬರುತ್ತೇನೆ.

ನಮ್ಮ ಸದನಗಳಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಪರ ಇರುವವರು ‘ಹೌದು’ ಅನ್ನಿ, ವಿರೋಧ ಇರುವವರು ‘ಇಲ್ಲ’ ಅನ್ನಿ ಎಂದು ಸಭಾಧ್ಯಕ್ಷರು ಕೇಳುತ್ತಾರೆ. ಯಾವ ಕಡೆಯ ದನಿ ಜೋರಾಗಿ ಕೇಳಿತೋ ಅದು ಗೆದ್ದಂತೆ. ಯಾರು ‘ಹೌದು’ ಅಂದರು, ಯಾರು ಸುಮ್ಮನಿದ್ದರು ಅನ್ನುವುದು ಎಲ್ಲೂ ಬರೆದಿರುವುದಿಲ್ಲ. ಸದಸ್ಯರು ಒಪ್ಪದೆ ಮತ ವಿಭಜನೆ ಕೇಳಿದರೆ ಮಾತ್ರ ಹೆಸರು ದಾಖಲಾಗುತ್ತದೆ. ಲೋಕಸಭೆಯಲ್ಲಿ ಆಗ ಮೂರೂವರೆ ನಿಮಿಷ ಗಂಟೆ ಹೊಡೆಯುತ್ತದೆ, ಬಾಗಿಲು ಮುಚ್ಚುತ್ತಾರೆ, ಸದಸ್ಯರು ತಮ್ಮ ಜಾಗದಲ್ಲೇ ಗುಂಡಿ ಒತ್ತುತ್ತಾರೆ. ಹಸಿರು ಅಂದರೆ ಪರ, ಕೆಂಪು ಅಂದರೆ ವಿರೋಧ, ಹಳದಿ ಅಂದರೆ ಎರಡೂ ಅಲ್ಲ.

ಧ್ವನಿಮತಕ್ಕೂ ಎಣಿಕೆಗೂ ಇರುವ ವ್ಯತ್ಯಾಸ ಕೊಡಗಿನವರಿಗೆ ಗೊತ್ತಿರಬೇಕಾದದ್ದೇ. 2010ರ ಅಕ್ಟೋಬರಿನಲ್ಲಿ ಯಡಿಯೂರಪ್ಪ ಸರ್ಕಾರ ವಿಶ್ವಾಸಮತ ಕೇಳಿದಾಗ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದವರು ವಿರಾಜಪೇಟೆಯ ಶಾಸಕ ಕೆ.ಜಿ. ಬೋಪಯ್ಯ. ಮತಕ್ಕೆ ಮೊದಲೇ ಅವರು ಬಿಜೆಪಿಯ 11 ಮತ್ತು ಪಕ್ಷೇತರರಾದ 5 ಶಾಸಕರನ್ನು ಅನರ್ಹಗೊಳಿಸಿದ್ದರು. 11ನೇ ತಾರೀಕು, ಸದನದಲ್ಲಿ ಗಲಾಟೆಯ ನಡುವೆ, ಸರ್ಕಾರ ಧ್ವನಿಮತದಲ್ಲಿ ಗೆದ್ದಿತು ಎಂದು ಘೋಷಣೆಯಾಯಿತು. ರಾಜ್ಯಪಾಲರಾಗಿದ್ದ ಹಂಸರಾಜ್ ಭಾರದ್ವಾಜ್ ಅದನ್ನು ಒಪ್ಪಲಿಲ್ಲ. 14ನೇ ತಾರೀಕು ಮತ್ತೆ ಮತ ನಡೆಯಿತು. ಈ ಸಲ ಎಣಿಸಿದರು: ಸರ್ಕಾರದ ಪರ 106, ವಿರುದ್ಧ 100. ಮುಂದಿನ ವರ್ಷ ಸುಪ್ರೀಂ ಕೋರ್ಟ್ ಆ ಅನರ್ಹತೆಯ ಆದೇಶವನ್ನೇ ರದ್ದು ಮಾಡಿತು. ಮೊದಲ ಮತದ ದಾಖಲೆಯಲ್ಲಿ ಒಬ್ಬ ಶಾಸಕನ ಹೆಸರೂ ಸಿಗುವುದಿಲ್ಲ. ಮೂರು ದಿನದ ನಂತರದ್ದರಲ್ಲಿ ಯಾರು ಎಲ್ಲಿ ನಿಂತರು ಅನ್ನುವುದು ಸ್ಪಷ್ಟ.

ಹೆಸರು ಸಮೇತ ವೋಟು ಖಂಡಿತ ಸಿಗುವ ಒಂದು ಜಾಗ ಇದೆ. ಅದು ಸಂವಿಧಾನ ತಿದ್ದುಪಡಿ ಮಸೂದೆ. ಅದಕ್ಕೆ ವಿಶೇಷ ಬಹುಮತ ಬೇಕಾದ್ದರಿಂದ ಎಣಿಸಲೇಬೇಕು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ 454ಕ್ಕೆ 2ರಂತೆ ಪಾಸಾಯಿತು. ಸಾಮಾನ್ಯ ಮಸೂದೆಗಳಲ್ಲೂ ವಿರೋಧ ಪಕ್ಷಗಳು ಪಟ್ಟು ಹಿಡಿದಾಗ ಎಣಿಕೆ ಆಗುತ್ತದೆ. 2025ರ ವಕ್ಫ್ ತಿದ್ದುಪಡಿ ಮಸೂದೆ ಹಾಗೆ 288ಕ್ಕೆ 232ರಂತೆ ಪಾಸಾಗಿದ್ದು. ಇಂಥ ದಿನದ ಲೋಕಸಭೆ ಚರ್ಚೆಯ ಪೂರ್ತಿ ವರದಿ ತೆಗೆದರೆ ಪರ ಮತ್ತು ವಿರೋಧದ ಹೆಸರುಗಳು ಎರಡು ಪಟ್ಟಿಯಾಗಿ ಇರುತ್ತವೆ. ಒಂದು ಸಣ್ಣ ವಿಷಯ ಗಮನದಲ್ಲಿರಲಿ: ವಕ್ಫ್ ಮಸೂದೆಗೆ ಮತ ಬಿದ್ದಿದ್ದು ಏಪ್ರಿಲ್ 3ರ ನಸುಕಿನಲ್ಲಿ. ಆದರೆ ಅದು ಏಪ್ರಿಲ್ 2ರ ಬೈಠಕ್ (ಕಲಾಪ). ಅದೇ ತಾರೀಕಿನ ಕೆಳಗೆ ಹುಡುಕಿ. ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ವಿರೋಧಿಸಿದರು ಅಂತ ಅರ್ಥ ಅಲ್ಲ. ಅವರು ಆಗ ಸದನದಲ್ಲಿ ಇರದೆ ಇರಬಹುದು. ಯಂತ್ರ ಕೈಕೊಟ್ಟು ಚೀಟಿಯಲ್ಲಿ ಬರೆದುಕೊಟ್ಟವರನ್ನು ತಿದ್ದುಪಡಿಯಾಗಿ ಕೆಳಗೆ ಸೇರಿಸಿರುತ್ತಾರೆ, ಅದನ್ನೂ ಓದಿ.

ಇಷ್ಟೆಲ್ಲ ಹುಡುಕಿ ಹೆಸರು ಸಿಕ್ಕಿತು ಅನ್ನಿ. ಏನು ತಿಳಿಯುತ್ತದೆ? ಪಕ್ಷ ಏನು ಹೇಳಿತ್ತೋ ಅದನ್ನು ಮಾಡಿದರು ಅಂತ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ನಾವು ಪಕ್ಷಾಂತರ ನಿಷೇಧ ಕಾಯ್ದೆ ಅನ್ನುವುದು ಅದನ್ನೇ. ಪಕ್ಷ ವಿಪ್ (ಹೀಗೇ ಮತ ಹಾಕಬೇಕು ಅನ್ನುವ ಆದೇಶ) ಕೊಟ್ಟ ಮೇಲೆ ಅದಕ್ಕೆ ವಿರುದ್ಧ ಮತ ಹಾಕಿದರೆ, ಅಥವಾ ಮತ ಹಾಕದೆ ಉಳಿದರೆ, ಸದಸ್ಯತ್ವವೇ ಹೋಗಬಹುದು. ಪಕ್ಷ 15 ದಿನದೊಳಗೆ ಕ್ಷಮಿಸಿದರೆ ಮಾತ್ರ ಉಳಿಯುತ್ತದೆ. ನಿಮ್ಮ ಮಗಳು ಇರುವ ಕಡೆ ಪಕ್ಷದ ಮಾತು ಮೀರಿ ಮತ ಹಾಕಿದವರ ಮೇಲೆ ಪಕ್ಷ ಸಿಟ್ಟಾಗಬಹುದು, ಆದರೆ ಸೀಟು ಹೋಗುವುದು ಅಪರೂಪ. ಅದಕ್ಕೇ ಅಲ್ಲಿ ವೋಟಿನ ದಾಖಲೆಗೆ ಅಷ್ಟು ಬೆಲೆ.

ನಮ್ಮ ಕ್ಷೇತ್ರದಲ್ಲೇ ಇದಕ್ಕೆ ಉದಾಹರಣೆ ಇದೆ. 2009ರಿಂದ 2014ರವರೆಗೆ ಮೈಸೂರು–ಕೊಡಗಿನ ಸಂಸದರಾಗಿದ್ದ ಎಚ್. ವಿಶ್ವನಾಥ್ 2018ರಲ್ಲಿ ಜೆಡಿಎಸ್‌ನಿಂದ ಹುಣಸೂರಿನ ಶಾಸಕರಾದರು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ದಿನ ಅವರು ಮತ್ತು ಜೊತೆಯವರು ಸದನಕ್ಕೆ ಬರಲಿಲ್ಲ. ಸರ್ಕಾರ 99ಕ್ಕೆ 105ರಂತೆ ಬಿತ್ತು. ಒಟ್ಟು 17 ಶಾಸಕರನ್ನು ಸಭಾಧ್ಯಕ್ಷ ರಮೇಶ್ ಕುಮಾರ್ ಅನರ್ಹಗೊಳಿಸಿದರು, ಅದರಲ್ಲಿ ವಿಶ್ವನಾಥ್ ಕೂಡ ಒಬ್ಬರು. ಪಕ್ಷದ ಗೆರೆ ದಾಟುವುದು ನಮ್ಮಲ್ಲಿ ಒಂದು ವೋಟಿನ ಮಾತಲ್ಲ, ಇಡೀ ರಾಜಕೀಯ ಜೀವನದ ಪಣ. ಕಾಫಿ ಬೆಳೆಗಾರರಿಗೆ ತೊಂದರೆ ಅಂತ ಒಬ್ಬ ಸಂಸದ ತನ್ನದೇ ಸರ್ಕಾರದ ಮಸೂದೆಗೆ ಕೆಂಪು ಗುಂಡಿ ಒತ್ತುತ್ತಾನೆ ಅಂತ ಕಾಯಬೇಡಿ.

ಹಾಗಾಗಿ ನನ್ನ ಸಲಹೆ ಇದು. ವಿಪ್ ಇಲ್ಲದ ಕಡೆ ಏನು ಮಾಡಿದರು ಅಂತ ನೋಡಿ. ಪ್ರಶ್ನೆ ಕೇಳಲು ವಿಪ್ ಇರುವುದಿಲ್ಲ. ಶೂನ್ಯವೇಳೆಯಲ್ಲಿ (ತುರ್ತು ವಿಷಯಗಳನ್ನು ಎತ್ತುವ ಹೊತ್ತು) ಎದ್ದು ನಿಲ್ಲಲು, ಸಮಿತಿ ಸಭೆಗೆ ಹೋಗಲು, ಸಚಿವರ ಉತ್ತರ ಹಿಡಿದು ಮತ್ತೆ ಕೇಳಲು ಪಕ್ಷದ ವಿಪ್ ಬೇಕಿಲ್ಲ. ಒಬ್ಬ ಪ್ರತಿನಿಧಿಗೆ ನಿಜವಾಗಿ ಯಾವುದರ ಮೇಲೆ ಕಾಳಜಿ ಅನ್ನುವುದು ಅಲ್ಲಿ ಕಾಣುತ್ತದೆ.

ಮೊದಲು ಯಾರನ್ನು ನೋಡಬೇಕು ಅಂತ ಗೊತ್ತಿರಲಿ. ಕೊಡಗಿಗೆ 2024ರಲ್ಲಿ ಆಯ್ಕೆಯಾದ ಸಂಸದರು ಬಿಜೆಪಿಯ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್. ಅದಕ್ಕೆ ಹಿಂದಿನ ಹತ್ತು ವರ್ಷ ಪ್ರತಾಪ ಸಿಂಹ. 2023ರಲ್ಲಿ ಆಯ್ಕೆಯಾದ ಶಾಸಕರು ಮಡಿಕೇರಿಯಲ್ಲಿ ಡಾ. ಮಂತರ್ ಗೌಡ, ವಿರಾಜಪೇಟೆಯಲ್ಲಿ ಎ.ಎಸ್. ಪೊನ್ನಣ್ಣ, ಇಬ್ಬರೂ ಕಾಂಗ್ರೆಸ್. ಒಂದು ವಿಷಯ ಗಮನಿಸಿದ್ರಾ? ಸಂಸದರ ಪಕ್ಷ ಅವರು ಗೆದ್ದ ಹೊತ್ತಿಗೆ ದೆಹಲಿಯಲ್ಲಿ ಅಧಿಕಾರದಲ್ಲಿದೆ, ಶಾಸಕರ ಪಕ್ಷ ಬೆಂಗಳೂರಿನಲ್ಲಿ. ಅಂದರೆ ಮೂವರೂ ತಮ್ಮ ತಮ್ಮ ಸದನದಲ್ಲಿ ಆಡಳಿತದ ಬೆಂಚಿನಲ್ಲೇ ಕೂತವರು. ಸ್ವಂತ ಸರ್ಕಾರದ ಸಚಿವರಿಗೆ ಚುರುಕು ಮುಟ್ಟಿಸುವ ಪ್ರಶ್ನೆಯನ್ನು ಇವರಿಂದ ಜಾಸ್ತಿ ನಿರೀಕ್ಷಿಸುವಂತಿಲ್ಲ. ಕೇಳಿದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಿ. ಇನ್ನೊಬ್ಬರನ್ನು ಎಲ್ಲರೂ ಮರೆಯುತ್ತಾರೆ: ವಿಧಾನ ಪರಿಷತ್ತಿನ ಸದಸ್ಯರು. ಕೊಡಗಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ 2021ರ ಕೊನೆಗೆ ಗೆದ್ದವರು ಬಿಜೆಪಿಯ ಸುಜಾ ಕುಶಾಲಪ್ಪ. ಅವರಿಗೆ ವೋಟು ಹಾಕಿದ್ದು ನೀವಲ್ಲ, ನಿಮ್ಮ ಪಂಚಾಯಿತಿ ಸದಸ್ಯರು. ಆದರೆ 2023ರಿಂದ ಅವರು ಕೂತಿರುವುದು ವಿರೋಧ ಪಕ್ಷದ ಸಾಲಿನಲ್ಲಿ. ರಾಜ್ಯ ಸರ್ಕಾರಕ್ಕೆ ಖಾರದ ಪ್ರಶ್ನೆ ಹೋಗಿದ್ದರೆ ಅಲ್ಲಿಂದ ಹೋಗಿರುವ ಸಾಧ್ಯತೆ ಹೆಚ್ಚು.

ಹಳೆಯದನ್ನು ಹುಡುಕುವವರಿಗೆ ಒಂದು ಮಾತು. 2009ರ ಚುನಾವಣೆಗೆ ಮುಂಚೆ ಕೊಡಗು ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿತ್ತು. ಆಗಿನ ದಾಖಲೆ ಮಂಗಳೂರಿನ ಸಂಸದರ ಹೆಸರಿನಲ್ಲಿ ಸಿಗುತ್ತದೆ. ಈಗಿನ ಕ್ಷೇತ್ರದ 8 ವಿಧಾನಸಭಾ ಭಾಗಗಳಲ್ಲಿ ನಮ್ಮದು ಎರಡೇ. ಉಳಿದ ಆರು ಮೈಸೂರು ಜಿಲ್ಲೆಯವು, ಅದರಲ್ಲಿ ನಾಲ್ಕು ಮೈಸೂರು ನಗರ ಮತ್ತು ಅದರ ಸುತ್ತಲಿನವು. ಹಾಗಾಗಿ ‘ಸಂಸದರು ಎಷ್ಟು ಪ್ರಶ್ನೆ ಕೇಳಿದರು’ ಅನ್ನುವುದಕ್ಕಿಂತ ‘ಅದರಲ್ಲಿ ಕೊಡಗಿನದ್ದು ಎಷ್ಟು’ ಅನ್ನುವುದು ನಿಮ್ಮ ಪ್ರಶ್ನೆ ಆಗಬೇಕು. ಒಂದು ಕಾಲದಲ್ಲಿ, 1952ರಿಂದ 1956ರವರೆಗೆ, ಕೊಡಗಿಗೇ 24 ಸದಸ್ಯರ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 2008ರವರೆಗೆ ಮೂವರು ಶಾಸಕರಾದರೂ ಇದ್ದರು. ಈಗ ಇಬ್ಬರು. ಇರುವವರ ಮೇಲೆ ಕಣ್ಣಿಡಲು ಇದೂ ಒಂದು ಕಾರಣ.

ಆಮೇಲೆ ಯಾವ ವಿಷಯ ಯಾರ ಕೈಯಲ್ಲಿದೆ ಅಂತ ನೋಡಿ. ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ ಬರುತ್ತದೆ. ರೈಲು, ರಾಷ್ಟ್ರೀಯ ಹೆದ್ದಾರಿ 275, ಕೊಡವರ ಕೋವಿಗೆ ಇರುವ ಲೈಸೆನ್ಸ್ ವಿನಾಯಿತಿ, ಕೊಡವ ಭಾಷೆಯನ್ನು ಸಂವಿಧಾನದ ಎಂಟನೇ ಅನುಸೂಚಿಗೆ (ಮಾನ್ಯತೆ ಪಡೆದ ಭಾಷೆಗಳ ಪಟ್ಟಿ) ಸೇರಿಸುವುದು, ಇವೆಲ್ಲ ದೆಹಲಿಯ ಮಾತು. ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯದ ಜಮೀನು), ಆಸ್ಪತ್ರೆ, ಊರೊಳಗಿನ ರಸ್ತೆ ಬೆಂಗಳೂರಿನದು. ಆನೆ ಎರಡೂ ಕಡೆ ಕಾಲಿಟ್ಟಿದೆ. ಆನೆ ಯೋಜನೆ ಕೇಂದ್ರದ್ದು, 1992ರಿಂದ ಇದೆ. ಆದರೆ ತೋಟಕ್ಕೆ ಆನೆ ನುಗ್ಗಿದಾಗ ಬರುವವರು, ಪರಿಹಾರ ಕೊಡುವವರು, ರೈಲು ಕಂಬಿಯ ತಡೆಬೇಲಿ ಹಾಕಿಸುವವರು ರಾಜ್ಯದ ಅರಣ್ಯ ಇಲಾಖೆಯವರು. ಸಂಸದರು ‘ಆನೆ ಬಗ್ಗೆ ದನಿ ಎತ್ತಿದೆ’ ಅಂದರೆ ಯಾವ ತುದಿ ಹಿಡಿದು ಎತ್ತಿದರು ಅಂತ ನೋಡಬೇಕು.

ಈಗ ಹುಡುಕುವ ಕೆಲಸ. ಸಂಸತ್ತಿನ ಅಧಿಕೃತ ಜಾಲತಾಣ ‘ಸನ್ಸದ್ ಡಾಟ್ ಇನ್’. ಅಲ್ಲಿ ಲೋಕಸಭೆ, ಸದಸ್ಯರು ಅಂತ ಹೋಗಿ ನಿಮ್ಮ ಸಂಸದರ ಪುಟ ತೆರೆದರೆ ಅವರು ಕೇಳಿದ ಪ್ರಶ್ನೆಗಳು, ಭಾಗವಹಿಸಿದ ಚರ್ಚೆಗಳು, ಇರುವ ಸಮಿತಿ ಎಲ್ಲ ಸಿಗುತ್ತವೆ. ಪ್ರಶ್ನೆಯ ಮೇಲೆ ಒತ್ತಿದರೆ ಸಚಿವರ ಉತ್ತರದ ಪಿಡಿಎಫ್ ಬರುತ್ತದೆ. ಎಲ್ಲವೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತದೆ, ಅದೊಂದು ಕಷ್ಟ. ಸಂಸದರು ಕನ್ನಡದಲ್ಲಿ ಮಾತಾಡಿದ್ದರೂ ವರದಿಯಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಗುತ್ತದೆ. ಅವರ ದನಿಯಲ್ಲೇ ಕೇಳಬೇಕಾದರೆ ಸಂಸದ್ ಟಿವಿಯ ವಿಡಿಯೊ ಇದೆ. ಹುಡುಕುವಾಗ ಕೊಡಗು ಅಂತ ಒಂದೇ ಪದ ಹಾಕಿ ಬಿಡಬೇಡಿ. ಕೂರ್ಗ್, ಮಡಿಕೇರಿ, ಕುಶಾಲನಗರ, ಕಾಫಿ, ಆನೆ ಅಂತ ಬೇರೆ ಬೇರೆಯಾಗಿ ಹಾಕಿ. ಬೇರೆ ಸಂಸದರು ಕೇಳಿದ ಪ್ರಶ್ನೆಗಳೂ ಬರುತ್ತವೆ. ಹಾಸನ, ಚಿಕ್ಕಮಗಳೂರಿನ ಸಂಸದರು ಕಾಫಿ ಬಗ್ಗೆ ಕೇಳಿದ್ದನ್ನು ನಮ್ಮವರು ಕೇಳಿದ್ದರ ಪಕ್ಕ ಇಟ್ಟು ನೋಡಿದರೆ ಬಹಳ ವಿಷಯ ಗೊತ್ತಾಗುತ್ತದೆ.

ಪ್ರಶ್ನೆಯಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಎದ್ದು ಉತ್ತರ ಕೊಡುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230. ಯಾರ ಪ್ರಶ್ನೆ ಬರುತ್ತದೆ ಅನ್ನುವುದು ಚೀಟಿ ಎತ್ತಿ ನಿರ್ಧಾರವಾಗುತ್ತದೆ. ಹಾಗಾಗಿ ಚುಕ್ಕೆ ಪ್ರಶ್ನೆ ಕಡಿಮೆ ಇದ್ದರೆ ಅದು ಅದೃಷ್ಟದ ಮಾತೂ ಇರಬಹುದು. ಆದರೆ ಚುಕ್ಕೆ ಪ್ರಶ್ನೆ ಸಿಕ್ಕಿಯೂ ಆ ದಿನ ಸಂಸದರು ಸದನದಲ್ಲಿ ಇರಲಿಲ್ಲ ಅಂದರೆ ಅದಕ್ಕೆ ಅದೃಷ್ಟವನ್ನು ಬೈಯುವಂತಿಲ್ಲ.

ಉತ್ತರ ಓದುವುದನ್ನು ಸ್ವಲ್ಪ ಅಭ್ಯಾಸ ಮಾಡಿಕೊಳ್ಳಬೇಕು. ಇದಕ್ಕೆ ನಮ್ಮ ವಿಧಾನಸಭೆಯ ಪ್ರಶ್ನೋತ್ತರಗಳೇ ಒಳ್ಳೆಯ ಪಾಠ, ಯಾಕೆಂದರೆ ಅವು ಕನ್ನಡದಲ್ಲಿವೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು (ಅ), (ಆ), (ಇ) ಅಂತ ಒಡೆದಿರುತ್ತಾರೆ. ಸಾಮಾನ್ಯವಾಗಿ (ಅ) ಹೀಗೆ ಶುರುವಾಗುತ್ತದೆ: ಇಂಥ ತಾಲ್ಲೂಕಿನಲ್ಲಿ ಕಾಡಾನೆ ಹಾವಳಿ ಹೆಚ್ಚಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಎದುರಿಗೆ ಒಂದೇ ಪದ: ಬಂದಿದೆ. (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡಿರುವ ಕ್ರಮಗಳೇನು? ಎದುರಿಗೆ ಕಂದಕ, ಸೌರ ಬೇಲಿ, ಗಸ್ತು ಅಂತ ಒಂದು ದೊಡ್ಡ ಪಟ್ಟಿ. (ಇ) ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು? ಎದುರಿಗೆ ‘ಅನುದಾನದ ಲಭ್ಯತೆಗೆ ಅನುಗುಣವಾಗಿ’ ಅಂತಲೋ, ‘ಪರಿಶೀಲನೆಯಲ್ಲಿದೆ’ ಅಂತಲೋ. (ಅ)ಗೆ ‘ಬಂದಿಲ್ಲ’ ಅಂತ ಬಂತು ಅಂದರೆ ಮುಗೀತು, ಕೆಳಗಿನ ಎಲ್ಲದಕ್ಕೂ ‘ಉದ್ಭವಿಸುವುದಿಲ್ಲ’.

ಹಳಬರು ಮೊದಲು ಓದುವುದು ಈ (ಇ)ಯನ್ನು. (ಅ) ಮತ್ತು (ಆ) ಯಾರು ಬೇಕಾದರೂ ಬರೆದುಕೊಡಬಹುದಾದ ಪ್ರಶ್ನೆ, ಬರುವ ಉತ್ತರವೂ ಎಲ್ಲ ವರ್ಷ ಹೆಚ್ಚು ಕಡಿಮೆ ಅದೇ. ಒಳ್ಳೆಯ ಶಾಸಕರ ಪ್ರಶ್ನೆಯಲ್ಲಿ ಊರಿನ ಹೆಸರು, ವರ್ಷ, ಎಷ್ಟು ಹಣ ಬಿಡುಗಡೆಯಾಗಿದೆ, ಎಷ್ಟು ಅರ್ಜಿ ಬಾಕಿ ಇದೆ ಅಂತ ಇರುತ್ತದೆ. ‘ಮೂರು ವರ್ಷಗಳಿಂದ ಬೆಳೆ ಹಾನಿ ಪರಿಹಾರಕ್ಕೆ ಬಂದ ಅರ್ಜಿಗಳೆಷ್ಟು, ವಿಲೇವಾರಿ ಆಗಿದ್ದೆಷ್ಟು, ವಲಯವಾರು ಕೊಡಿ’ ಅಂದರೆ ಇಲಾಖೆ ತಪ್ಪಿಸಿಕೊಳ್ಳುವಂತಿಲ್ಲ, ಅಂಕಿ ಕೊಡಲೇಬೇಕು. ಆ ಉತ್ತರದ ಅನುಬಂಧವೇ ಚಿನ್ನ. ಪತ್ರಿಕೆಗಳಲ್ಲಿ ಬರದ ಮಾಹಿತಿ ಅಲ್ಲಿರುತ್ತದೆ. ನಿಮ್ಮ ವಲಯದ ಸಾಲನ್ನು ನಿಮ್ಮ ಊರಿನಲ್ಲಿ ನಿಜಕ್ಕೂ ಪರಿಹಾರ ಸಿಕ್ಕವರ ಜೊತೆ ತಾಳೆ ಹಾಕಿ ನೋಡಬಹುದು.

ರೈಲಿನ ವಿಷಯಕ್ಕೆ ಬೇರೆ ದಾರಿ. ಬೆಳಗೊಳದಿಂದ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಹೊಸ ಮಾರ್ಗಕ್ಕೆ 2019ರ ಫೆಬ್ರುವರಿಯಲ್ಲಿ ಮಂಜೂರಾತಿ ಸಿಕ್ಕಿತು, ಅಂದಾಜು 1,850 ಕೋಟಿ ರೂಪಾಯಿ. ಅದಾದ ಮೇಲೆ ಈ ಮಾರ್ಗದ ಬಗ್ಗೆ ಲೋಕಸಭೆ, ರಾಜ್ಯಸಭೆ ಎರಡರಲ್ಲೂ ಬಂದ ಉತ್ತರಗಳನ್ನು ತಾರೀಕಿನ ಪ್ರಕಾರ ಒಂದರ ಕೆಳಗೆ ಒಂದು ಇಡಿ. ಒಂದೊಂದು ಉತ್ತರ ಓದಿದರೆ ಎಲ್ಲವೂ ನಡೆಯುತ್ತಿರುವಂತೆ ಕಾಣುತ್ತದೆ. ಸಾಲಾಗಿ ಇಟ್ಟಾಗ ವಾಕ್ಯ ಎಲ್ಲಿ ಬದಲಾಯಿತು, ಎಲ್ಲಿ ಅದೇ ಉಳಿಯಿತು, ಯಾವ ವರ್ಷ ಹಣದ ಅಂಕಿ ಬಂತು ಅಂತ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಸಂಸದರು ಹಿಂದಿನ ಉತ್ತರವನ್ನು ಎತ್ತಿಕೊಂಡು ‘ಆಗ ಹೀಗೆ ಹೇಳಿದ್ದಿರಿ, ಈಗ ಏನಾಯಿತು’ ಅಂತ ಕೇಳಿದ್ದಾರಾ, ಇಲ್ಲ ಹೊಸದಾಗಿ ಮೊದಲಿನಿಂದ ಶುರು ಮಾಡಿದ್ದಾರಾ? ನನ್ನ ಲೆಕ್ಕದಲ್ಲಿ ಒಬ್ಬ ಸಂಸದನನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಸಚಿವರು ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಅಂದರೆ ಅದು ಭರವಸೆ ಅಂತ ದಾಖಲಾಗುತ್ತದೆ. ಸಂಸತ್ತು, ವಿಧಾನಸಭೆ ಎರಡೂ ಕಡೆ ಭರವಸೆಗಳ ಸಮಿತಿ ಇದೆ, ಅದು ಬೆನ್ನು ಹತ್ತುತ್ತದೆ, ನಿಧಾನವಾಗಿಯಾದರೂ. ಶೂನ್ಯವೇಳೆಯಲ್ಲಿ ಎತ್ತಿದ ವಿಷಯಕ್ಕೆ ಸಚಿವರು ಅಲ್ಲೇ ಉತ್ತರ ಕೊಡಬೇಕು ಅಂತ ಇಲ್ಲ. ಲೋಕಸಭೆಯಲ್ಲಿ ನಿಯಮ 377ರ ಕೆಳಗೆ (ಬೇರೆ ನಿಯಮದಡಿ ಬಾರದ ವಿಷಯ ಪ್ರಸ್ತಾಪಿಸುವ ದಾರಿ) ಎತ್ತಿದ ವಿಷಯಕ್ಕೆ ಸಚಿವರು ಸದಸ್ಯರಿಗೆ ಪತ್ರ ಬರೆಯುತ್ತಾರೆ. ಆ ಪತ್ರದ ಪ್ರತಿ ಕೊಡಿ ಅಂತ ಸಂಸದರ ಕಚೇರಿಯಲ್ಲಿ ಕೇಳಿ. ‘ಸಂಸತ್ತಿನಲ್ಲಿ ದನಿ ಎತ್ತಿದ ಸಂಸದರು’ ಅಂತ ವಿಡಿಯೊ ಹಂಚುವವರು ಪತ್ರವನ್ನೂ ಹಂಚಬಹುದಲ್ವಾ?

ಇನ್ನು ನಿಮ್ಮ ವಾಟ್ಸಾಪ್ ಚಿತ್ರದ ಅಂಕಿಗಳು. ಇಂಥವು ಹೆಚ್ಚಾಗಿ ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಪುಟದಿಂದ ಬರುತ್ತವೆ. ಅವರು ಪ್ರತಿ ಸಂಸದರ ಹಾಜರಾತಿ, ಪ್ರಶ್ನೆ, ಚರ್ಚೆ, ಖಾಸಗಿ ಮಸೂದೆಗಳನ್ನು (ಸಚಿವರಲ್ಲದ ಸದಸ್ಯರು ತರುವ ಮಸೂದೆಗಳು) ಲೆಕ್ಕ ಇಡುತ್ತಿದ್ದಾರೆ. ಲೆಕ್ಕ ಸರಿಯಾಗಿಯೇ ಇದೆ. ನಾವು ಓದುವ ರೀತಿ ಸರಿ ಇಲ್ಲ. ಒಮ್ಮೆ ಹಾಜರಿ ಹಾಕಿದರೆ ಆ ದಿನ ಹಾಜರ್, ದಿನಭತ್ಯೆಯೂ ಬರುತ್ತದೆ. ಆಮೇಲೆ ಎಷ್ಟು ಹೊತ್ತು ಕೂತರು ಅಂತ ಅದರಲ್ಲಿ ಇರುವುದಿಲ್ಲ. ತೋಟದ ಚೆಕ್‌ರೋಲಿನಲ್ಲಿ (ಕೆಲಸದವರ ಹಾಜರಿ ಪುಸ್ತಕ) ಹೆಸರು ಇದ್ದ ಮಾತ್ರಕ್ಕೆ ಎಷ್ಟು ಕಾಫಿ ಕುಯ್ದರು ಅಂತ ಗೊತ್ತಾಗುತ್ತದಾ? ಹಾಗೇ ಇದೂ. 17ನೇ ಲೋಕಸಭೆಯಲ್ಲಿ ಸಂಸದರ ಸರಾಸರಿ ಹಾಜರಾತಿ ಶೇ 79 ಇತ್ತು. ಅಂದರೆ ಶೇ 80 ಅನ್ನುವುದು ಹೆಮ್ಮೆಯ ಅಂಕಿಯಲ್ಲ, ನಾಚಿಕೆಯದ್ದೂ ಅಲ್ಲ, ಎಲ್ಲರಂತೆ ಅಷ್ಟೇ. ತೀರಾ ಕೆಳಗೆ, ಶೇ 50ರ ಹತ್ತಿರ ಇದ್ದರೆ ಮಾತ್ರ ಯಾಕೆ ಅಂತ ಕೇಳಿ. ಸಚಿವರಾದವರು ಹಾಜರಿ ಹಾಕುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಅವರ ಮುಂದೆ ಸೊನ್ನೆ ಕಂಡರೆ ಬೈಯಬೇಡಿ.

ಪ್ರಶ್ನೆಗಳ ಸಂಖ್ಯೆಯೂ ಅಷ್ಟೇ ಮೋಸ. ಒಂದೇ ವಿಷಯಕ್ಕೆ ಹಲವು ಸಂಸದರು ಪ್ರಶ್ನೆ ಕೊಟ್ಟಿದ್ದರೆ ಎಲ್ಲರ ಹೆಸರೂ ಒಂದೇ ಉತ್ತರದ ಮೇಲೆ ಕೂರುತ್ತದೆ. ಸಹಾಯಕರು ಬರೆದುಕೊಟ್ಟ ಪ್ರಶ್ನೆಗಳ ರಾಶಿ ಹಾಕುವುದು ಕಷ್ಟವೇನಲ್ಲ. 2005ರ ಡಿಸೆಂಬರಿನಲ್ಲಿ ದುಡ್ಡು ತಗೊಂಡು ಪ್ರಶ್ನೆ ಕೇಳಿದ್ದಕ್ಕೆ 11 ಸಂಸದರನ್ನು ಹೊರಹಾಕಿದ್ದು ನೆನಪಿರಬಹುದು. ಆ ಪ್ರಶ್ನೆಗಳೂ ಎಣಿಕೆಯಲ್ಲಿ ಪ್ರಶ್ನೆಗಳೇ. ಖಾಸಗಿ ಸದಸ್ಯರ ಮಸೂದೆ ಮಂಡಿಸಿದರು ಅಂದರೆ ಸಂತೋಷ ಪಡಿ, ಆದರೆ ಕಾಯ್ದೆ ಆಗುತ್ತದೆ ಅಂತ ಕಾಯಬೇಡಿ. ಸ್ವಾತಂತ್ರ್ಯ ಬಂದ ಮೇಲೆ ಕಾಯ್ದೆಯಾದ ಖಾಸಗಿ ಮಸೂದೆಗಳು 14. ಕೊನೆಯದು 1970ರಲ್ಲಿ.

ಯಾವ ಅಂಕಿಪಟ್ಟಿಯಲ್ಲೂ ಕಾಣದ ಕೆಲಸ ಸಮಿತಿಗಳದ್ದು. ಸಂಸತ್ತಿನಲ್ಲಿ ಇಲಾಖೆಗಳಿಗೆ ಸಂಬಂಧಪಟ್ಟ 24 ಸ್ಥಾಯಿ ಸಮಿತಿಗಳಿವೆ, ಒಂದೊಂದರಲ್ಲಿ 31 ಸದಸ್ಯರು. ಅಲ್ಲಿ ಟಿವಿ ಕ್ಯಾಮೆರಾ ಇಲ್ಲ, ಆದ್ದರಿಂದ ಕೂಗಾಟವೂ ಕಡಿಮೆ. ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಬಹುದು. ಸಮಿತಿ ವರದಿಯ ಕೊನೆಗೆ ಸಭೆಯ ನಡಾವಳಿ ಇರುತ್ತದೆ, ಯಾರು ಬಂದಿದ್ದರು ಅಂತ ಹೆಸರು ಅಲ್ಲಿ ಸಿಗುತ್ತದೆ. ಇದನ್ನು ಓದುವವರು ತೀರಾ ಕಡಿಮೆ. ನೀವು ಒಮ್ಮೆ ತೆಗೆದು ನೋಡಿ.

ವಿಧಾನಸಭೆಯದು ಸ್ವಲ್ಪ ತಲೆನೋವು. ವಿಧಾನಸಭೆ ಸಚಿವಾಲಯದ ಜಾಲತಾಣದಲ್ಲಿ ಪ್ರಶ್ನೋತ್ತರ, ಕಾರ್ಯಕಲಾಪ ಪಟ್ಟಿ, ಲಘು ಪ್ರಕಟಣೆ (ಕಲಾಪದ ಚುಟುಕು ವರದಿ) ಎಲ್ಲ ಕನ್ನಡದಲ್ಲೇ ಸಿಗುತ್ತವೆ. ಆದರೆ ಹಲವು ಉತ್ತರಗಳು ಸ್ಕ್ಯಾನ್ ಮಾಡಿದ ಕಾಗದ, ಪದ ಹಾಕಿ ಹುಡುಕಿದರೆ ಏನೂ ಬರುವುದಿಲ್ಲ. ಅಧಿವೇಶನದ ತಾರೀಕು ಹಿಡಿದು, ಸದಸ್ಯರ ಹೆಸರು ನೋಡುತ್ತಾ ಒಂದೊಂದೇ ತೆರೆಯಬೇಕು. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಅಂತ 2005ರಲ್ಲಿ ನಮ್ಮ ರಾಜ್ಯವೇ ಕಾಯ್ದೆ ಮಾಡಿಕೊಂಡಿದೆ. ಹೆಚ್ಚಿನ ವರ್ಷ ಅಷ್ಟು ಸೇರುವುದಿಲ್ಲ. ಹಾಗಾಗಿ ಓದಬೇಕಾದ ದಿನಗಳು ಏನೂ ತುಂಬಾ ಇಲ್ಲ, ಇದನ್ನು ಸಮಾಧಾನ ಅನ್ನಬೇಕೋ ದುಃಖ ಅನ್ನಬೇಕೋ ನೀವೇ ಹೇಳಿ. ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಉತ್ತರ ಕರ್ನಾಟಕದ ಮಾತು ಜಾಸ್ತಿ ಇರುತ್ತದೆ. ನಮ್ಮ ಕಡೆಯದನ್ನು ಮಾರ್ಚ್ ಸುಮಾರಿನ ಬಜೆಟ್ ಅಧಿವೇಶನದಲ್ಲಿ, ಮಳೆಗಾಲದ್ದರಲ್ಲಿ ಮೊದಲು ಹುಡುಕಿ. ಶಾಸಕರ ಹಾಜರಾತಿ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಎರಡು ವಿಷಯ ಸೇರಿಸಿದರೆ ವಾಪಸ್ ಕಳಿಸಲು ನೆಪ ಸಿಕ್ಕಂತೆ.

ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಶಾಸಕರದ್ದು 2 ಕೋಟಿ. ಅದು ಸದನದ ಕೆಲಸ ಅಲ್ಲ, ಬೇರೆಯದೇ ಲೆಕ್ಕ. ಸಂಸದರ ನಿಧಿಯಲ್ಲಿ ಶೇ 7.5 ಪರಿಶಿಷ್ಟ ಪಂಗಡದವರು ಇರುವ ಕಡೆಗೆ ಹೋಗಬೇಕು ಅಂತ ನಿಯಮ ಇದೆ. ನಮ್ಮ ಯರವ, ಜೇನುಕುರುಬ ಹಾಡಿಗಳ ವಿಷಯದಲ್ಲಿ ಅದೊಂದನ್ನು ಬಿಡದೆ ಕೇಳಿ. ಸದನದ ಮಾತು ಊರಿಗೆ ಇಳಿಯುವ ಜಾಗ ಎರಡು: ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ, ಸಂಸದರ ಅಧ್ಯಕ್ಷತೆಯ ದಿಶಾ ಸಭೆ, ಮತ್ತು ಇಲಾಖೆಗಳ ಪ್ರಗತಿ ನೋಡುವ ಜಿಲ್ಲೆ, ತಾಲ್ಲೂಕಿನ ಕೆಡಿಪಿ ಸಭೆಗಳು. ಮೂರು ತಿಂಗಳಿಗೊಮ್ಮೆ ನಡೆಯಬೇಕಾದವು. ಸಚಿವರು ಸದನದಲ್ಲಿ ಲಿಖಿತವಾಗಿ ಕೊಟ್ಟ ಉತ್ತರದ ಪ್ರತಿಯನ್ನು ಸಭೆಗೆ ಮೊದಲು ಶಾಸಕರ ಕೈಗೆ ಕೊಟ್ಟು ನೋಡಿ. ಅಧಿಕಾರಿಗಳು ಮಾತಾಡುವ ಧಾಟಿಯೇ ಬೇರೆಯಾಗುತ್ತದೆ.

ಗುಂಪಿನಲ್ಲಿ ಮತ್ತೆ ಅಂಥ ಚಿತ್ರ ಬಂದರೆ ಮೂರು ಕೇಳಿ. ಇದು ಯಾವ ಅವಧಿಯದು: ಈಗಿನವರದ್ದಾ, ಹಿಂದಿನವರದ್ದಾ, ಒಂದೇ ಅಧಿವೇಶನದ್ದಾ? ರಾಜ್ಯದ ಸರಾಸರಿ ಎಷ್ಟು? ಪ್ರಶ್ನೆಗಳಲ್ಲಿ ಕೊಡಗಿನ ಹೆಸರು ಇರುವ ಒಂದರ ಉತ್ತರವನ್ನು ಹಾಕುತ್ತೀರಾ? ಮೂರನೆಯದಕ್ಕೆ ಪಿಡಿಎಫ್ ಬಂದರೆ ಕೊನೆಯ ಭಾಗದಿಂದ ಓದಲು ಶುರು ಮಾಡಿ.